ಡೆಲ್ಮರ್ ವೋಲ್ಡ್‌ನ ಕೊನೆಯ ಓಟು

ಬರೆಯಬೇಕಾದದ್ದು ಒಂದೇ ಒಂದು ಪುಟ. ಸದನದ ಸದಸ್ಯನೊಬ್ಬ ಅವಧಿ ಮುಗಿಯುವ ಮೊದಲೇ ತೀರಿಕೊಂಡರೆ ಅವನ ಪಕ್ಕದ ಮೇಜಿನವರು ಅವನ ಪುಟ ಬರೆಯಬೇಕು, ಮನೆಯವರು ಓದಿ ಕೆಳಗೆ ಸಹಿ ಹಾಕಬೇಕು, ಚುನಾವಣೆ ಮುಗಿದು ಹೊಸ ಸದನ ಸೇರಿದ ಮೊದಲ ದಿನ ಎದ್ದುನಿಂತು ಅದನ್ನು ಓದಬೇಕು. ಆ ರಾಜ್ಯದ ಶಾಸನಸಭೆಯಲ್ಲಿ ಅಜ್ಜಂದಿರ ಕಾಲದಿಂದ ನಡೆದು ಬಂದ ಪದ್ಧತಿ ಇದು. ಹುಟ್ಟಿದ್ದು, ಮದುವೆಯಾದದ್ದು, ಯುದ್ಧಕ್ಕೆ ಹೋಗಿದ್ದರೆ ಅದು, ಗೆದ್ದ ಚುನಾವಣೆ, ಸೋತ ಚುನಾವಣೆ, ಕೂತ ಸಮಿತಿಗಳು. ಕಟ್ಟಕಡೆಗೆ ಒಂದು ಸಾಲು: ಸದನದಲ್ಲಿ ಅವನು ಹಾಕಿದ ಕೊನೆಯ ಓಟು, ಯಾವ ದಿನ, ಯಾವ ಮಸೂದೆಗೆ, ಹೌದು ಎಂದೋ ಇಲ್ಲ ಎಂದೋ.

ಆರ್ಲಿಸ್ ಬ್ರಾಂಡ್‌ಸೆತ್ ಆ ಕೊನೆಯ ಸಾಲಿನ ಮುಂದೆ ಹನ್ನೊಂದು ದಿನದಿಂದ ಕೂತಿದ್ದಳು.

ಉಳಿದದ್ದೆಲ್ಲ ಒಂದೇ ಬೆಳಿಗ್ಗೆ ಮುಗಿದಿತ್ತು. ಡೆಲ್ಮರ್ ವೋಲ್ಡ್, ಜನನ 1915, ಆಸ್ಟ್‌ಬಿ ಊರಿನ ಉತ್ತರದ ಹೊಲಮನೆಯಲ್ಲಿ. ಹೆಂಡತಿ ಆಯೋನ್. ಮೊದಲ ಚುನಾವಣೆ 1966ರಲ್ಲಿ, ಗೆದ್ದದ್ದು ಹದಿನಾಲ್ಕು ಓಟಿನಿಂದ. ಆ ಹದಿನಾಲ್ಕು ಜನ ಯಾರು ಎಂದು ಅವನು ಸಾಯುವವರೆಗೂ ಲೆಕ್ಕ ಹಾಕುತ್ತಿದ್ದ. ಊರಿನಲ್ಲಿ ಕನಿಷ್ಠ ನಲವತ್ತು ಜನ ತಾವು ಆ ಹದಿನಾಲ್ಕರಲ್ಲಿ ಒಬ್ಬರು ಎಂದು ಹೇಳಿಕೊಂಡು ಅವನ ದುಡ್ಡಿನಲ್ಲಿ ಕಾಫಿ ಕುಡಿದಿದ್ದರು. 1968ರಿಂದ ಆರ್ಲಿಸ್ ಅವನ ಜೋಡಿ. ಅಲ್ಲಿ ಒಂದು ಕ್ಷೇತ್ರಕ್ಕೆ ಇಬ್ಬರು ಸದಸ್ಯರು, ಇಬ್ಬರ ಹೆಸರೂ ಒಂದೇ ಪ್ರಚಾರದ ಹಲಗೆಯ ಮೇಲೆ, ಗೆದ್ದರೆ ಸದನದಲ್ಲಿ ಮೇಜೂ ಅಕ್ಕಪಕ್ಕ. ಪ್ರತಿ ಸಲ ಅವನು ಮೊದಲು, ಅವಳು ಎರಡನೆಯವಳು. 1974ರಲ್ಲಿ ಅವರ ಪಕ್ಷದವರು ಎಲ್ಲೆಲ್ಲೂ ಮಣ್ಣು ಮುಕ್ಕಿದಾಗ ಅವಳು ಮೂವತ್ತೊಂದು ಓಟಿನಿಂದ ಉಳಿದುಕೊಂಡಳು. ಅದೂ ಹೇಗೆ, ಡೆಲ್ಮರ್ ತನ್ನ ಪ್ರಚಾರ ಬಿಟ್ಟು ಅಕ್ಟೋಬರ್ ಪೂರ್ತಿ ಹೊಲಮನೆಯಿಂದ ಹೊಲಮನೆಗೆ ತಿರುಗಿ, "ನಂಗೆ ಹಾಕದಿದ್ರೂ ಪರವಾಗಿಲ್ಲ, ಈ ಮೇಡಮ್ಮಿಗೆ ಹಾಕಿ, ನನಗೆ ಕಾಗುಣಿತ ತಿದ್ದೋಕೆ ಯಾರಾದ್ರೂ ಬೇಕು" ಎಂದು ಕೇಳಿದ್ದಕ್ಕೆ. ಆರ್ಲಿಸ್ ಸದನಕ್ಕೆ ಬರುವ ಮೊದಲು ಶಾಲೆಯ ಟೀಚರಾಗಿದ್ದಳು. ಡೆಲ್ಮರ್‌ಗೆ ಒಂಬತ್ತು ಚುನಾವಣೆ, ಒಂಬತ್ತು ಗೆಲುವು. ಹೀಗೆ ಬರೆದಾಗ ಒಬ್ಬ ಮನುಷ್ಯನ ಹದಿನೇಳು ವರ್ಷ ಅರ್ಧ ಪುಟವನ್ನೂ ತುಂಬಲಿಲ್ಲ ಎಂಬುದನ್ನು ನೋಡಿ ಅವಳಿಗೆ ಸಂಕಟವಾಯಿತು.

ಕೊನೆಯ ಸಾಲು ಏಕೆ ಬರುತ್ತಿರಲಿಲ್ಲ ಎಂದರೆ, ನಡಾವಳಿ ಪುಸ್ತಕ ಹೇಳುವ ಕೊನೆಯ ಓಟನ್ನು ಡೆಲ್ಮರ್ ಹಾಕಿರಲಿಲ್ಲ. ಹಾಕಿದವಳು ಆರ್ಲಿಸ್.

ಸದನದಲ್ಲಿ ಪ್ರತಿ ಮೇಜಿಗೂ ಎರಡು ಗುಂಡಿ, ಹಸಿರು ಒಂದು, ಕೆಂಪು ಒಂದು. ಒತ್ತಿದರೆ ಮುಂದಿನ ಗೋಡೆಯ ದೊಡ್ಡ ಬೋರ್ಡಿನಲ್ಲಿ ಹೆಸರಿನ ಪಕ್ಕ ದೀಪ ಹತ್ತುತ್ತದೆ. ಒಬ್ಬರ ಗುಂಡಿಯನ್ನು ಇನ್ನೊಬ್ಬರು ಒತ್ತಬಾರದು ಎಂದು ನಿಯಮವಿದೆ, ಗೋಡೆಗೆ ನೇತುಹಾಕಿಯೂ ಇದೆ. ಆದರೆ ದಿನಕ್ಕೆ ಎಪ್ಪತ್ತು ಮಸೂದೆ ಬರುವಾಗ ಯಾವ ಗಂಡಸಿನ ಮೂತ್ರಕೋಶವೂ ನಿಯಮ ಕೇಳುವುದಿಲ್ಲ. ಎಲ್ಲರೂ ಎಲ್ಲರ ಗುಂಡಿ ಒತ್ತುತ್ತಿದ್ದರು. ಹಿಂದಿನ ಸಾಲಿನ ಒಬ್ಬನಂತೂ ಮೂರು ಮೇಜು ಆಚೆಗೆ ಎಟುಕಲೆಂದು ಬಟ್ಟೆ ಅಳೆಯುವ ಕೋಲು ಇಟ್ಟುಕೊಂಡಿದ್ದ. ಡೆಲ್ಮರ್ ಮತ್ತು ಆರ್ಲಿಸ್ ನಡುವಿನ ಏರ್ಪಾಡು ಪೆನ್ಸಿಲ್ಲಿನದು. ಎದ್ದು ಹೋಗುವಾಗ ಅವನು ಪೆನ್ಸಿಲ್ಲನ್ನು ಎರಡು ಗುಂಡಿಗಳ ನಡುವೆ ಇಡುತ್ತಿದ್ದ. ಮೊನೆ ಹಸಿರಿನ ಕಡೆಗಿದ್ದರೆ ಹೌದು, ಕೆಂಪಿನ ಕಡೆಗಿದ್ದರೆ ಇಲ್ಲ, ಜೇಬಿಗೆ ಹಾಕಿಕೊಂಡು ಹೋದರೆ ಮುಟ್ಟಬೇಡ ಎಂದು ಅರ್ಥ. ಹದಿನೈದು ವರ್ಷದಲ್ಲಿ ಒಂದು ಸಲವೂ ಎಡವಟ್ಟಾಗಿರಲಿಲ್ಲ.

1983ರ ಮಾರ್ಚ್ ಹದಿನೈದು, ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಆರ್ಲಿಸ್ ಬಂದು ಕೂತಾಗ ಪಕ್ಕದ ಮೇಜಿನ ಮೇಲೆ ಪೆನ್ಸಿಲ್ ಇತ್ತು, ಮೊನೆ ಹಸಿರಿನ ಕಡೆಗೆ. ಬಂದಿದ್ದಾನೆ, ಹೊರಗೆ ಕಿಟಕಿಯ ಹತ್ತಿರ ಗೋಧಿ ಬೆಳೆಗಾರರ ಸಂಘದವರ ಜೊತೆ ಹರಟುತ್ತಿದ್ದಾನೆ ಎಂದುಕೊಂಡಳು. ಬೆಳಿಗ್ಗೆ ಆರು ಸಲ ಅವನ ಹಸಿರು ಒತ್ತಿದಳು. ಮೀನುಗಾರಿಕೆಯ ಪರವಾನಗಿ, ಜೇನುಪೆಟ್ಟಿಗೆ, ಅಂಥವು. ಊಟದ ಹೊತ್ತಿನಲ್ಲಿ ಅವನು ಕಾಣಲಿಲ್ಲ. "ಡೆಲ್ಮರ್ ಎಲ್ಲಿ?" ಎಂದು ಕೇಳಿದ್ದಕ್ಕೆ ಯಾರೋ "ಈಗಿನ್ನೂ ಇಲ್ಲೇ ಇದ್ದ" ಎಂದರು. ಹಾಗೆ ಹೇಳಿದವರು ಸುಳ್ಳು ಹೇಳುತ್ತಿರಲಿಲ್ಲ, ಆ ಮನುಷ್ಯ ಯಾವಾಗಲೂ ಈಗಿನ್ನೂ ಅಲ್ಲೇ ಇರುತ್ತಿದ್ದ.

ಆಸ್ಪತ್ರೆಗಳ ಮಸೂದೆ ಗುರುವಾರ ಬರಬೇಕಾಗಿತ್ತು. ಓಟು ಸಾಕಾಗುತ್ತದೆ ಎಂದು ಮುಖಂಡರಿಗೆ ವಾಸನೆ ಬಡಿದು ಮಂಗಳವಾರ ಮಧ್ಯಾಹ್ನವೇ ಎಳೆದು ತಂದರು. ಚಿಕ್ಕ ಊರುಗಳ ಹನ್ನೊಂದು ಆಸ್ಪತ್ರೆಗೆ ರಾಜ್ಯದ ನೆರವು ನಿಲ್ಲಿಸುವುದು, ಆಸ್ಟ್‌ಬಿಯದ್ದು ಅವುಗಳಲ್ಲಿ ಒಂದು. ತೊಂಬತ್ತೆರಡು ಸದಸ್ಯರ ಸದನದಲ್ಲಿ ನಲವತ್ತೇಳು ಬೇಕು. ಗೈರುಹಾಜರಿಯೂ ಇಲ್ಲ ಎಂದಂತೆಯೇ. ಹಿಂದಿನ ಸಂಜೆ ಮೆಟ್ಟಿಲಿಳಿಯುವಾಗ ಡೆಲ್ಮರ್ ಅವಳಿಗೆ, "ಇದರ ಬಗ್ಗೆ ನಾನಿನ್ನೂ ಯೋಚ್ನೆ ಮಾಡ್ತಿದೀನಿ, ನನ್ನ ತಲೆ ತಿನ್ಬೇಡ" ಎಂದಿದ್ದ. ಈಗ ಸ್ಪೀಕರ್ ಸುತ್ತಿಗೆ ಕುಟ್ಟಿದರು, ಯಂತ್ರ ತೆರೆಯಿತು. ಹದಿನೈದು ಸೆಕೆಂಡು. ಆರ್ಲಿಸ್ ಬಲಗೈಯಲ್ಲಿ ತನ್ನ ಕೆಂಪು ಒತ್ತಿದಳು. ಬಾಗಿಲ ಕಡೆ ನೋಡಿದಳು. ಪೆನ್ಸಿಲ್ ನೋಡಿದಳು. ಅವನು ಯೋಚನೆ ಮುಗಿಸಿಯೇ ಇಟ್ಟಿದ್ದಾನೆ, ಇಲ್ಲದಿದ್ದರೆ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ ಎಂದುಕೊಂಡು ಎಡಗೈಯಲ್ಲಿ ಅವನ ಹಸಿರು ಒತ್ತಿದಳು. ನಲವತ್ತೇಳು, ನಲವತ್ತೈದು. ಎರಡು ಗಂಟೆ ಹತ್ತು ನಿಮಿಷ ಎಂದು ನಡಾವಳಿಯಲ್ಲಿದೆ.

ಅಧಿವೇಶನದ ದಿನಗಳಲ್ಲಿ ಅವನು ಉಳಿಯುತ್ತಿದ್ದದ್ದು ಮೋಟೆಲ್ಲಿನಲ್ಲಿ; ಸಂಜೆ ಆರಕ್ಕೆ ಅದರ ಯಜಮಾನ ಡೆಲ್ಮರ್‌ನ ಕೋಣೆಯ ಬಾಗಿಲು ತೆರೆದ. ಹೃದಯ ನಿಂತಿತ್ತು. ಅವನ ಕಾರು ಬೆಳಿಗ್ಗೆಯಿಂದ ಅಲ್ಲೇ ನಿಂತಿತ್ತು, ಗಾಜಿನ ಮೇಲೆ ಹಿಂದಿನ ರಾತ್ರಿಯ ಹಿಮ ಹಾಗೇ ಇತ್ತು. ಸುದ್ದಿ ಕೇಳಿ ಓಡಿಬಂದವರಲ್ಲಿ ಅದನ್ನು ನೋಡಿದವಳು ಆರ್ಲಿಸ್ ಒಬ್ಬಳೇ. ಬೇರೆಯವರಿಗೆ ಹಿಮ ನೋಡುವ ಪುರುಸೊತ್ತಿರಲಿಲ್ಲ. ಪೆನ್ಸಿಲ್ ಸೋಮವಾರ ಸಂಜೆಯದು. ಮಂಗಳವಾರ ಅವನು ಸದನದ ಮೆಟ್ಟಿಲು ಹತ್ತಿಯೇ ಇರಲಿಲ್ಲ. ವೈದ್ಯರು ಪ್ರಮಾಣಪತ್ರ ಬರೆಯುವಾಗ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ಹತ್ತಕ್ಕೆ ಓಟು ಹಾಕಿದ್ದಾರೆ ಎಂದು ಸದನದವರು ಹೇಳಿದರು, ಹಾಗಾದರೆ ಸಾವು ಸಂಜೆ ನಾಲ್ಕರ ಸುಮಾರಿಗೆ ಎಂದು ಬರೆದರು.

ಹೆಣದ ಮುಂದೆ ಆಯೋನ್ ಆರ್ಲಿಸಳ ಎರಡೂ ಕೈ ಹಿಡಿದು, "ಅವತ್ತು ನೀನು ಅವನನ್ನ ನೋಡ್ದ್ಯಾ?" ಎಂದು ಕೇಳಿದಳು. ಆರ್ಲಿಸ್ ಬಾಯಿಂದ "ನೋಡ್ದೆ. ಹತ್ತು ಗಂಟೆಗೆ ಕಾಫಿ ಕುಡೀತಿದ್ದ, ಚೆನ್ನಾಗೇ ಇದ್ದ" ಎಂಬ ಮಾತು ಹೊರಬಿತ್ತು. ಯೋಚಿಸಿ ಹೇಳಿದ ಸುಳ್ಳಲ್ಲ. ಆದರೂ ಸುಳ್ಳೇ.

ಆಮೇಲೆ ಅವಳನ್ನು ಅದು ಬಿಡಲಿಲ್ಲ. ದೆವ್ವ ಎಂದರೆ ಬಿಳಿ ಬಟ್ಟೆ ಉಟ್ಟು ಬರುವುದಲ್ಲ. ಅವಳಿಗೆ ಬಂದದ್ದು ಗಂಟಲು ಸರಿಮಾಡಿಕೊಳ್ಳುವ ಸದ್ದು. ಮಾತು ಶುರು ಮಾಡುವ ಮುಂಚೆ ಡೆಲ್ಮರ್ ಎರಡು ಸಲ ಗಂಟಲು ಕೆರೆಯುತ್ತಿದ್ದ. ಪಕ್ಷದವರು ಅವನ ಜಾಗಕ್ಕೆ ಒಬ್ಬ ಇನ್ಶೂರೆನ್ಸ್ ಏಜೆಂಟನನ್ನು ನೇಮಿಸುವವರೆಗೆ ಎಂಟು ದಿನ ಆ ಕುರ್ಚಿ ಖಾಲಿಯಿತ್ತು, ಬೋರ್ಡಿನಲ್ಲಿ ಹೆಸರು ಮಾತ್ರ ಹಾಗೇ ಇತ್ತು. ಪ್ರತಿ ಓಟಿಗೂ ಮುನ್ನ ಪಕ್ಕದಿಂದ ಆ ಸದ್ದು ಎರಡು ಸಲ ಕೇಳುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಕಾರಿನ ಪಕ್ಕದ ಸೀಟಿನಿಂದ, ಚರ್ಚಿನಲ್ಲಿ ಹಿಂದಿನ ಬೆಂಚಿನಿಂದ ಕೇಳಿಸುತ್ತಿತ್ತು. ಎಡಗೈಯಿಂದ ಏನನ್ನೂ ಒತ್ತುವುದು ಅವಳಿಂದಾಗಲಿಲ್ಲ. ಬಾಗಿಲ ಕರೆಗಂಟೆ, ಲಿಫ್ಟಿನ ಗುಂಡಿ, ಒಲೆಯ ಮೇಲಿನ ಗಡಿಯಾರ, ಯಾವುದಕ್ಕಾದರೂ ಸರಿ, ಬೆರಳು ತಾಗಿದ ಕೂಡಲೇ ಹೆಣ ಮುಟ್ಟಿದ ಹಾಗೆ ಕೈ ಹಿಂದಕ್ಕೆ ಬರುತ್ತಿತ್ತು.

ಆಸ್ಪತ್ರೆ 1984ರ ಜೂನ್ ಕೊನೆಗೆ ಮುಚ್ಚಿತು. ಅಲ್ಲಿಯವರೆಗೆ ಊರಿನವರು ಡೆಲ್ಮರ್ ಹೆಸರು ಹೇಳುವಾಗ ಟೋಪಿ ತೆಗೆಯುತ್ತಿದ್ದರು. ಜುಲೈಯಲ್ಲಿ ಊರಿನವನೇ ಆದ ಗಾರ್ಡಿ ಲುಂಡೆಯ ಅಣ್ಣ ಎದೆ ಹಿಡಿದುಕೊಂಡು ಬಿದ್ದು, ಐವತ್ತೆರಡು ಮೈಲಿ ದೂರದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡ. ಆಮೇಲೆ ಟೋಪಿಗಳು ತಲೆಯ ಮೇಲೇ ಉಳಿದವು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆರ್ಲಿಸ್ ತನ್ನ ಚುನಾವಣಾ ಪ್ರಚಾರದ ಚೀಟಿಗಳನ್ನು ಹಿಡಿದುಕೊಂಡು ಡೋರೀನಳ ಹೋಟೆಲಿಗೆ ಹೋದಳು. ಗಾರ್ಡಿ ಕೌಂಟರಿನಲ್ಲಿ ಕೂತಿದ್ದ.

"ಬಾರಮ್ಮ, ಬಾ. ನಿಂಗೆ ನನ್ನ ಓಟು ಗ್ಯಾರಂಟಿ," ಎಂದ. "ನಮ್ಮೋರ ಪೈಕಿ ಕೆಂಪು ಒತ್ತಿದೋಳು ನೀನೊಬ್ಳೇ. ಆ ಇನ್ನೊಬ್ಬ ಇದ್ನಲ್ಲ, ಹದಿನೇಳು ವರ್ಷ ನಮ್ಮನೆ ಕಾಫಿ ಕುಡಿದು ಕೊನೇ ದಿನ ನಮ್ಮ ಬೆನ್ನಿಗೆ ಚೂರಿ ಹಾಕಿ ಹೋದ."

"ಸತ್ತವರ ಬಗ್ಗೆ ಹಾಗನ್ಬೇಡ ಗಾರ್ಡಿ," ಎಂದಳು ಡೋರೀನ್, ಕಾಫಿ ಸುರಿಯುತ್ತ.

"ಯಾಕನ್ಬಾರ್ದು? ಅವ್ನು ಸಾಯೋಕ್ ಮುಂಚೆ ಓಟು ಹಾಕ್ದ ತಾನೆ? ಎರಡು ಗಂಟೆ ಮುಂಚೆ ಹೋಗಿದ್ರೆ ನಮ್ಮಣ್ಣ ಬದುಕ್ತಿದ್ದ."

ಆರ್ಲಿಸ್ ಚೀಟಿಗಳನ್ನು ಕೌಂಟರಿನ ಮೇಲಿಟ್ಟು ಕಾಫಿ ಕುಡಿಯದೆ ಹೊರಗೆ ಬಂದಳು. ಡೋರೀನ್ ಹಿಂದೆಯೇ ಬಾಗಿಲವರೆಗೆ ಬಂದಳು. "ಅವನ ಮಾತು ಬಿಡು. ನಿಜ ಹೇಳ್ಬೇಕಂದ್ರೆ ಪಾಪ ಅನ್ಸೋದು ಆಯೋನ್ ಬಗ್ಗೆ. ಭಾನುವಾರ ಚರ್ಚಿನ ಊಟಕ್ಕೆ ಆಲೂಗಡ್ಡೆ ಬೇಯ್ಸಿ ತಂದಿದ್ಲು, ನೀನು ನೋಡ್ಲಿಲ್ವಾ? ಒಬ್ರೂ ಚಮಚ ಹಾಕ್ಲಿಲ್ಲ. ಮುಚ್ಚಳ ಮುಚ್ಕೊಂಡು ತುಂಬಿದ ಪಾತ್ರೆ ಹಾಗೇ ವಾಪಸ್ ತಗೊಂಡು ಹೋದ್ಲು."

ಆರ್ಲಿಸ್ ನೋಡಿದ್ದಳು. ತಾನೇ ಎದ್ದು ಹೋಗಿ ಬಡಿಸಿಕೊಳ್ಳಬೇಕೆಂದು ನಾಲ್ಕು ಹೆಜ್ಜೆ ಹಾಕಿ, ಎಲ್ಲರ ಕಣ್ಣೂ ತನ್ನ ಮೇಲಿರುವುದು ಕಂಡು, ಪಕ್ಕದ ಬೀನ್ಸಿನ ಪಾತ್ರೆಗೆ ಕೈ ಹಾಕಿದ್ದಳು. ಅಂಥ ಹೇಡಿತನಕ್ಕೆ ಯಾವ ಪುಟದಲ್ಲೂ ಜಾಗವಿಲ್ಲ, ಪುಣ್ಯಕ್ಕೆ.

ಅವಳ ಮುಂದಿದ್ದ ದಾರಿ ಎರಡೇ. ನಡಾವಳಿಯಲ್ಲಿರುವಂತೆ ಬರೆದರೆ ಡೆಲ್ಮರ್ ಊರಿನ ಆಸ್ಪತ್ರೆ ಮುಚ್ಚಿಸಿ ಸತ್ತವನಾಗಿಯೇ ಉಳಿಯುತ್ತಾನೆ, ಆಯೋನಳ ಪಾತ್ರೆ ತುಂಬಿಯೇ ವಾಪಸು ಹೋಗುತ್ತಿರುತ್ತದೆ. ನಿಜ ಬರೆದರೆ, ಸತ್ತವನ ಗುಂಡಿ ಒತ್ತಿದವಳು ಯಾರೆಂದು ಕೇಳುತ್ತಾರೆ. ನವೆಂಬರ್ ಆರಕ್ಕೆ ಚುನಾವಣೆ; ಅದನ್ನು ಸೋತರೆ ಹೋಗಲಿ, ಗೆದ್ದರೂ ಸದನದಿಂದ ಹೊರಹಾಕುತ್ತಾರೆ. ಎಂಟು ಗೆಲುವಿನ ಆರ್ಲಿಸ್ ಬ್ರಾಂಡ್‌ಸೆತ್‌ಳನ್ನು ಮುಂದಿನವರು ನೆನೆಯುವುದು ಆ ಒಂದು ಬೆರಳಿಗಾಗಿ. ಅವಳು ಆ ಕೆಲಸವನ್ನು ಪ್ರೀತಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಬೆಳಿಗ್ಗೆ ಏಳುವುದಕ್ಕೆ ಅದೊಂದೇ ಕಾರಣವಾಗಿತ್ತು.

ಹನ್ನೆರಡನೆಯ ದಿನ ಅವಳು ಕಪಾಟಿನಿಂದ ನಡಾವಳಿಯನ್ನು ತೆಗೆದು ಹಿಂದಿನ ದಿನಕ್ಕೆ ಪುಟ ತಿರುಗಿಸಿದಳು. ಸೋಮವಾರ, ಹದಿನಾಲ್ಕು. ಡೆಲ್ಮರ್ ತನ್ನ ಕೈಯಾರೆ ಹಾಕಿದ ಕೊನೆಯ ಓಟು ಅಲ್ಲಿತ್ತು: ಕಟಾವು ಯಂತ್ರಗಳು ಹೆದ್ದಾರಿಯಲ್ಲಿ ಎಷ್ಟು ಅಗಲ ಇರಬಹುದು ಎಂಬ ಮಸೂದೆ. ಹೌದು. ಹಿಂದೆ ಗಂಟಲು ಕೆರೆದ ಸದ್ದಾಯಿತು. "ಆಯ್ತು ಮಾರಾಯ, ಬರೀತಿದೀನಿ," ಎಂದಳು ಆರ್ಲಿಸ್ ಖಾಲಿ ಅಡಿಗೆಮನೆಗೆ. ಬರೆದಳು. ಸಹಿ ಹಾಕಿದಳು. ಮನಸ್ಸು ಬದಲಾಗುವ ಮುಂಚೆ ಕೋಟು ಹಾಕಿಕೊಂಡು ಕಾರು ಹತ್ತಿದಳು.

ಆಯೋನ್ ಹಿತ್ತಲಲ್ಲಿ ಹಾಸಿಗೆಯ ಬಟ್ಟೆ ಒಣಹಾಕುತ್ತಿದ್ದಳು. ಎತ್ತರದ, ಮೂಳೆ ದಪ್ಪದ ಹೆಂಗಸು, ಅರವತ್ತಾರು ವರ್ಷ. ಹೋದ ವರ್ಷಕ್ಕಿಂತ ತೆಳ್ಳಗಾಗಿದ್ದಳು, ಆದರೆ ಬೆನ್ನು ಬಾಗಿರಲಿಲ್ಲ.

"ಅಂತೂ ಬರೆದ್ಯಾ?" ಎಂದಳು ಕಾಗದ ನೋಡಿ. "ನಾನು ಸಾಯೋದ್ರೊಳಗೆ ಮುಗಿಸ್ತೀಯೋ ಇಲ್ವೋ ಅಂದ್ಕೊಂಡಿದ್ದೆ. ಒಳಗೆ ಬಾ, ಕೈ ಒರೆಸ್ಕೋತೀನಿ."

ಅಡಿಗೆಮನೆಯ ಮೇಜಿಗೆ ಕೂತು ಆಯೋನ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಹದಿನಾಲ್ಕು ಓಟಿನ ಸಾಲಿಗೆ ಬಂದಾಗ ಮೂಗಿನಲ್ಲೇ ನಕ್ಕಳು. "ಅದು ಹದಿನಾರು ಆಗ್ಬೇಕಿತ್ತು. ನಾನು ಆ ವರ್ಷ ಎದುರು ಪಾರ್ಟಿಗೆ ಹಾಕಿದ್ದೆ. ಅವನಿಗೆ ಕೊನೇತನಕ ಹೇಳ್ಲಿಲ್ಲ." ಮತ್ತೆ ಓದಿದಳು. ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು.

"ಇಲ್ಲಿ ಹದಿನಾಲ್ಕನೇ ತಾರೀಕು ಅಂತಿದೆ. ಕಟಾವು ಯಂತ್ರ ಅಂತಿದೆ. ಆಸ್ಪತ್ರೆ ಓಟು ಹದಿನೈದಕ್ಕಲ್ವಾ?"

"ಹದಿನೈದಕ್ಕೆ ಅವನು ಬರ್ಲೇ ಇಲ್ಲ, ಆಯೋನ್."

ಆಯೋನ್ ಕನ್ನಡಕದ ಮೇಲಿಂದ ನೋಡಿದಳು.

"ಅವನ ಗುಂಡಿ ಒತ್ತಿದ್ದು ನಾನು. ಪೆನ್ಸಿಲ್ ಹಿಂದಿನ ದಿನದ್ದು, ನಾನು ನೋಡ್ಕೊಳ್ಲಿಲ್ಲ. ಬೆಳಿಗ್ಗೆಯಿಂದ ಅವನನ್ನ ಯಾರೂ ನೋಡಿಲ್ಲ. ಅವನ ಕಾರಿನ ಮೇಲೆ ರಾತ್ರಿ ಹಿಮ ಹಾಗೇ ಇತ್ತು. ನಾನು ಅಲ್ಲಿ ಹಸಿರು ಒತ್ತುವಾಗ ಅವನು ಹೋಗಿ ಎಷ್ಟು ಹೊತ್ತಾಗಿತ್ತೋ." ಆರ್ಲಿಸ್ ಒಂದೇ ಉಸಿರಿಗೆ ಹೇಳಿದಳು, ಒಂದೂವರೆ ವರ್ಷದಿಂದ ಬಾಯಿಪಾಠ ಮಾಡಿಕೊಂಡದ್ದಲ್ಲವೇ. "ಊರಿಗೆಲ್ಲ ಹೇಳ್ತೀನಿ. ಜನವರಿಯಲ್ಲಿ ಎದ್ದುನಿಂತು ಇದನ್ನೇ ಓದ್ತೀನಿ. ಅದ್ಕೆ ಮುಂಚೆ ಪೇಪರಿಗೂ ಕೊಡ್ತೀನಿ. ಡೆಲ್ಮರ್ ಊರಿಗೆ ದ್ರೋಹ ಮಾಡ್ಲಿಲ್ಲ, ಮಾಡಿದ್ದು ನಾನು ಅಂತ. ಇನ್ಮೇಲೆ ಯಾರೂ ನಿನ್ನ ಮುಖ ನೋಡಿ ಮುಖ ತಿರುಗಿಸ್ಬಾರ್ದು."

ಹೇಳಿ ಮುಗಿಸಿದಾಗ ಅವಳಿಗೆ ನಿಜವಾಗಿಯೂ ಹಗುರಾಯಿತು. ಆ ಸಂತೋಷ ಐದಾರು ಉಸಿರಿನಷ್ಟು ಹೊತ್ತು ಉಳಿಯಿತು.

ಆಯೋನ್ ಕನ್ನಡಕ ತೆಗೆದು ಮಡಿಸಿಟ್ಟಳು. "ಅವನು ಹೌದು ಅಂತಾನೇ ಹಾಕ್ತಿದ್ದ," ಎಂದಳು.

"ಏನು?"

"ಹಿಂದಿನ ಸಂಜೆ ಫೋನಲ್ಲಿ ಹೇಳ್ದ. ಆ ಆಸ್ಪತ್ರೇಲಿ ಡಾಕ್ಟ್ರಿಲ್ಲ, ಬೋರ್ಡ್ ಒಂದಿದೆ ಅಷ್ಟೇ, ಜನ ಬೋರ್ಡ್ ನಂಬ್ಕೊಂಡು ಬಂದು ಸಾಯ್ತಾರೆ, ನಾನು ಹೌದು ಅಂತೀನಿ ಅಂದ. ನಾನು ಅಲ್ಲಿ ಇಪ್ಪತ್ತು ವರ್ಷ ರೋಗಿಗಳಿಗೆ ಊಟ ಕೊಟ್ಟೋಳು. ನಂಗೆ ಮೈಯೆಲ್ಲ ಉರಿದು ಹೋಯ್ತು. ಇಬ್ರೂ ಬಾಯಿಗೆ ಬಂದ ಹಾಗೆ ಆಡಿದ್ವಿ."

ಓಟಿನ ಪಾಪ ಆರ್ಲಿಸಳ ತಲೆಯಿಂದ ಇಳಿದೇ ಹೋಗಿತ್ತು. ಅವನು ಒತ್ತಬೇಕೆಂದಿದ್ದನ್ನೇ ಅವಳು ಒತ್ತಿದ್ದಳು. ಆದರೆ ಆಯೋನಳ ಮುಖ ನೋಡಿದರೆ ಸಮಾಧಾನ ಪಡುವ ಹಾಗಿರಲಿಲ್ಲ.

"ಅಧಿವೇಶನ ನಡೆಯೋವಾಗ ಅವನು ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಮಾಡೋನು," ಎಂದಳು ಆಯೋನ್. "ಹದಿನೇಳು ವರ್ಷ ಒಂದಿನ ತಪ್ಪಿಸ್ಲಿಲ್ಲ. ಅವತ್ತು ಜಗಳದ ಕೊನೇಲಿ ನಾನು, ಹಾಗಾದ್ರೆ ನಾಳೆ ನಂಗೆ ಫೋನ್ ಮಾಡ್ಲೇಬೇಡ ಅಂದು ಇಟ್ಬಿಟ್ಟೆ."

ಹೊರಗೆ ಒಣಹಾಕಿದ ಬಟ್ಟೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಆಯೋನ್ ಆ ಕಡೆ ಒಮ್ಮೆ ನೋಡಿದಳು.

"ಬೆಳಿಗ್ಗೆ ಫೋನ್ ಬರ್ಲಿಲ್ಲ. ಓಹೋ, ಸಾಹೇಬ್ರಿಗೆ ಸಿಟ್ಟು ಅಂದ್ಕೊಂಡೆ. ಇರ್ಲಿ, ನಂಗೂ ಇದೆ ಅಂದ್ಕೊಂಡೆ. ಮೋಟೆಲ್ ನಂಬರು ಅಗೋ ಆ ಗೋಡೆ ಮೇಲೇ ಇತ್ತು. ಏಳಕ್ಕೊಂದ್ಸಲ ಫೋನ್ ಕೈಗೆ ತಗೊಂಡೆ, ಇಟ್ಟೆ. ಎಂಟಕ್ಕೆ ಚರ್ಚಿಗೆ ಹೋಗಿ ಹೆಂಗಸರ ಜೊತೆ ಕೂತು ಕೌದಿ ಹೊಲಿದೆ, ಸಂಜೇತನಕ. ಸಂಜೆ ಶೆರಿಫ್ ಬಂದು ಹೇಳಿದಾಗ ನಾನು ಮೊದಲು ಕೇಳಿದ್ದು ಯಾವಾಗ ಅಂತ. ಮಧ್ಯಾಹ್ನ ಓಟು ಹಾಕಿದಾರೆ, ಆಮೇಲೆ ಅಂದ್ರು. ಹಾಗಾದ್ರೆ ಬೆಳಿಗ್ಗೆ ಬದುಕಿದ್ದ, ಸಿಟ್ಟಿಗೇ ಫೋನ್ ಮಾಡ್ಲಿಲ್ಲ. ದೇವರೇ ನಿಂಗೆ ಶರಣು ಅಂದೆ ಆರ್ಲಿಸ್, ಹೆಣ ಇನ್ನೂ ಮನೆಗೆ ಬಂದಿರ್ಲಿಲ್ಲ. ಆಮೇಲೆ ನೀನು ಬಂದು ಹತ್ತು ಗಂಟೆಗೆ ಕಾಫಿ ಕುಡೀತಿದ್ದ ಅಂದೆ."

"ಆಯೋನ್, ನಂಗೆ ಗೊತ್ತಿರ್ಲಿಲ್ಲ."

"ಒಂದು ಕಾಲಿಗೆ ಶೂ ಇತ್ತಂತೆ, ಇನ್ನೊಂದು ಕೈಲಿತ್ತಂತೆ. ಸದನದಿಂದ ಬಂದು ಬಿಚ್ತಿದ್ದ ಅಂದ್ಕೊಂಡಿದ್ದೆ." ಅವಳು ತನ್ನ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡಿಕೊಂಡಳು. "ಹಾಕ್ಕೊಳ್ತಿದ್ದ."

ಆಯೋನ್ ನಂಬರು ಇದ್ದ ಗೋಡೆಯ ಕಡೆ ತಿರುಗಿದಳು. "ಏಳಕ್ಕೆ ಫೋನ್ ಮಾಡಿದ್ದಿದ್ರೆ ಆ ಮೋಟೆಲಿನವನು ಬಾಗಿಲು ತೆಗೀತಿದ್ದ. ತೆಗೀತಿದ್ನೋ ಇಲ್ವೋ?"

ತೆಗೆಯುತ್ತಿದ್ದ. ಇಬ್ಬರಿಗೂ ಗೊತ್ತಿತ್ತು. ಆರ್ಲಿಸ್ ಬಾಯಿ ತೆರೆದಳು, ಬೆಳಿಗ್ಗೆ ಆರಕ್ಕೂ ಮುಂಚೆಯೇ ಹೋಗಿರಬಹುದು, ಒಂದು ಕ್ಷಣದಲ್ಲಿ ಹೋಗಿರಬಹುದು, ಯಾರು ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದೆಲ್ಲ ಹೇಳಲು ಹೊರಟಳು. ತನ್ನ ಮಾತಿಗೆ ಈ ಮನೆಯಲ್ಲಿ ಇನ್ನು ಬೆಲೆಯಿಲ್ಲ ಎಂಬುದು ಹೊಳೆದು ಸುಮ್ಮನಾದಳು. ನಿಜ ಹೇಳುವುದು ಧೈರ್ಯದ ಕೆಲಸ ಎಂದು ಅವಳು ಮಕ್ಕಳಿಗೆ ಇಪ್ಪತ್ತು ವರ್ಷ ಪಾಠ ಹೇಳಿದ್ದಳು. ಈ ಹೆಂಗಸು ರಾತ್ರಿ ನಿದ್ದೆ ಮಾಡುತ್ತಿದ್ದದ್ದು ತನ್ನ ಒಂದು ಸುಳ್ಳಿನ ಮೇಲೆ ತಲೆಯಿಟ್ಟು ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಅದನ್ನೇ ಕಿತ್ತು ಕೈಗೆ ಕೊಟ್ಟಿದ್ದಳು, ಅದೂ ತಾನು ಹಗುರಾಗುವುದಕ್ಕೆ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆಯೋನ್ ಎದ್ದು ಹೋಗಿ ನೀರು ಕುಡಿದು ಬಂದಳು. ಕಾಗದವನ್ನು ಆರ್ಲಿಸಳ ಕಡೆ ತಳ್ಳಿದಳು.

"ಹದಿನೈದು ಅಂತ ಬರಿ."

"ಹಾಗೆ ಬರೆದ್ರೆ ಊರಿನೋರು..."

"ಊರಿನೋರು ನನ್ನ ಪಾತ್ರೆ ಮುಟ್ಟದಿದ್ರೆ ನಾನೇ ಮೂರು ದಿನ ತಿಂತೀನಿ. ಅವರು ಅವನ ಮೇಲೆ ಸಿಟ್ಟಾಗಿದಾರೆ. ನಾನೂ ಒಂದೂವರೆ ವರ್ಷ ಅವನ ಮೇಲೆ ಸಿಟ್ಟಾಗೇ ಇದ್ದೆ. ಚೆನ್ನಾಗಿತ್ತು." ಅವಳ ದನಿ ಏರಲಿಲ್ಲ. "ಗುಂಡಿ ಒತ್ತಿದ್ದು ನಾನು ಅಂತ ನೀನು ಪೇಪರಿಗೆ ಕೊಟ್ರೆ, ಅವನು ಬೆಳಿಗ್ಗೆಯಿಂದ ಅಲ್ಲಿ ಬಿದ್ದಿದ್ದ, ಹೆಂಡ್ತಿ ಅನ್ನಿಸ್ಕೊಂಡೋಳು ಒಂದು ಫೋನ್ ಮಾಡ್ಲಿಲ್ಲ ಅನ್ನೋದನ್ನ ನಾನು ಡೋರೀನ್ ಹೋಟೆಲಲ್ಲಿ ಕೇಳ್ಬೇಕು. ಬರಿ. ಮಾರ್ಚ್ ಹದಿನೈದು. ಆಸ್ಪತ್ರೆ ಮಸೂದೆ. ಹೌದು."

ಆರ್ಲಿಸ್ ಸಾಲನ್ನು ಹೊಡೆದು ಹಾಕಿದಳು. ಇದನ್ನು ಬರೆದರೆ ಅವಳ ಕೆಲಸ ಉಳಿಯುತ್ತದೆ, ಹೆಸರು ಉಳಿಯುತ್ತದೆ, ನವೆಂಬರಿನಲ್ಲಿ ಮೊದಲ ಬಾರಿಗೆ ಎಲ್ಲರಿಗಿಂತ ಮೊದಲು ಬರುತ್ತಾಳೆ. ಜನವರಿಯಲ್ಲಿ ಎದ್ದುನಿಂತು ಸದನದ ಮುಂದೆ ಈ ಸಾಲು ಓದುತ್ತಾಳೆ. ಆಮೇಲೆ ನಿಜವನ್ನು ಸಾಯುವವರೆಗೆ ಯಾರಿಗೂ ಹೇಳುವ ಹಾಗಿಲ್ಲ. ಬರೆದು ಮುಗಿಸಿ ಕಾಗದ ತಿರುಗಿಸಿದಳು. ಆಯೋನ್ ಮತ್ತೆ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದಳು.

ಆರ್ಲಿಸ್ ಕೋಟಿಗೆ ಕೈ ಹಾಕಿದಾಗ ಆಯೋನ್, "ಕೂತ್ಕೋ," ಎಂದಳು. "ಅವತ್ತು ಹತ್ತು ಗಂಟೆಗೆ ಅವನು ಎಲ್ಲಿದ್ದ?"

ಅವಳು ಏನು ಕೇಳುತ್ತಿದ್ದಾಳೆಂದು ಅರ್ಥವಾಗಲು ಆರ್ಲಿಸ್‌ಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಿಧಾನವಾಗಿ ಕೂತಳು.

"ಹೊರಗೆ ಕಿಟಕಿ ಹತ್ರ," ಎಂದಳು. "ಕಾಫಿ ಕುಡೀತಿದ್ದ."

"ಯಾರ ಜೊತೆ?"

"ಗೋಧಿ ಸಂಘದವರ ಜೊತೆ. ಏನೋ ಹೇಳಿ ಅವರನ್ನ ನಗಿಸ್ತಿದ್ದ."

"ನನ್ನ ಬಗ್ಗೆ ಏನಾದ್ರೂ ಅಂದ್ನಾ?"

ಆರ್ಲಿಸ್ ಅವಳ ಮುಖವನ್ನು ನೋಡಿದಳು. ಆಯೋನ್ ಕಣ್ಣು ತಪ್ಪಿಸಲಿಲ್ಲ.

"ಅಂದ. ಮನೇಲಿ ಜಗಳ ಆಯ್ತು, ಬೆಳಿಗ್ಗೆ ಬೇಕಂತಲೇ ಫೋನ್ ಮಾಡ್ಲಿಲ್ಲ ಅಂದ. ಸಂಜೆ ಮಾಡ್ತೀನಿ, ಅಷ್ಟೊತ್ತಿಗೆ ಅವಳ ಸಿಟ್ಟು ಇಳಿದಿರುತ್ತೆ ಅಂದ."

ಆಯೋನ್ ತಲೆಯಾಡಿಸಿದಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

"ಇನ್ನೊಂದ್ಸಲ ಹೇಳು," ಎಂದಳು.

ಆರ್ಲಿಸ್ ಕಿಟಕಿಯಿಂದ ಶುರು ಮಾಡಿದಳು.